ಹನ್ನೊಂದು ಸ್ಕ್ರೂ ಬಿಚ್ಚಿದ ಮೇಲೆ

ನನ್ನ ಗಿಟಾರಿಗೆ ಒಂದು ಕೆಟ್ಟ ಚಾಳಿ ಇತ್ತು. ನಾನು ನುಡಿಸದೆ ಸುಮ್ಮನಿದ್ದರೂ ಅದು ಸುಮ್ಮನಿರುತ್ತಿರಲಿಲ್ಲ. ಆಂಪ್ಲಿಫೈಯರ್ ಆನ್ ಮಾಡಿದ ಗಳಿಗೆಯಿಂದ ‘ಗುಂಯ್’ ಅಂತ ಶುರು. ಗಣಪತಿ ಪೆಂಡಾಲಿನಲ್ಲಿ ಸೀರಿಯಲ್ ಸೆಟ್ ದೀಪ ಹಚ್ಚಿದರಂತೂ ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ. ನಮ್ಮ ಆರ್ಕೆಸ್ಟ್ರಾದ ಕೀಬೋರ್ಡ್ ಅಣ್ಣ ಪ್ರತಿ ಹಾಡು ಮುಗಿದ ಕೂಡಲೇ ನನ್ನ ಕಡೆ ತಿರುಗಿ, ‘ವಾಲ್ಯೂಂ ಕಮ್ಮಿ ಮಾಡಮ್ಮ’ ಅನ್ನುವುದು ರೂಢಿಯೇ ಆಗಿಹೋಗಿತ್ತು. ಒಂದು ಕಾರ್ಯಕ್ರಮಕ್ಕೆ ಎಂಟುನೂರು ರೂಪಾಯಿ ಕೊಡುತ್ತಾರೆ. ಎಲೆಕ್ಟ್ರಾನಿಕ್ಸ್‌ನಲ್ಲಿ ಬಿ.ಇ. ಮುಗಿಸಿ ಹತ್ತು ತಿಂಗಳು ಮನೆಯಲ್ಲಿ ಕೂತಿದ್ದವಳಿಗೆ ಅದು ಸಣ್ಣ ಮೊತ್ತವಲ್ಲ. ಪರೀಕ್ಷೆಗಳ ಅರ್ಜಿ ಶುಲ್ಕ, ಬೆಂಗಳೂರಿಗೆ ಇಂಟರ್‌ವ್ಯೂಗೆ ಹೋಗುವ ರೈಲು ಚಾರ್ಜು ಎಲ್ಲ ಅದರಲ್ಲೇ. ಹಬ್ಬದ ಸೀಸನ್ ಶುರುವಾಗುವ ಹೊತ್ತಿಗೆ ಅಣ್ಣ ನೇರವಾಗಿಯೇ ಹೇಳಿದರು: ‘ಈ ಸೌಂಡ್ ಹೋಗದಿದ್ರೆ ಈ ಸಲ ಬೇರೆ ಹುಡುಗನ್ನ ನೋಡ್ಬೇಕಾಗುತ್ತೆ.’

ಗೊತ್ತಿದ್ದವರನ್ನೆಲ್ಲ ಕೇಳಿದೆ. ಎಲ್ಲರದ್ದೂ ಒಂದೇ ಉತ್ತರ. ಪಿಕಪ್ ಬದಲಿಸು.

ಗಿಟಾರ್ ಗೊತ್ತಿಲ್ಲದವರಿಗೆ ಎರಡು ಮಾತು. ಎಲೆಕ್ಟ್ರಿಕ್ ಗಿಟಾರಿನಲ್ಲಿ ತಂತಿಗಳ ಕೆಳಗೆ ಸೋಪಿನ ಪೆಟ್ಟಿಗೆಯ ಹಾಗೆ ಉದ್ದುದ್ದಕ್ಕೆ ಕಾಣುವ ಭಾಗಗಳಿರುತ್ತವಲ್ಲ, ಅವೇ ಪಿಕಪ್. ಒಳಗಿರುವುದು ಅಯಸ್ಕಾಂತ ಮತ್ತು ಅದರ ಸುತ್ತ ಏಳೆಂಟು ಸಾವಿರ ಸುತ್ತು ಸುತ್ತಿದ, ತಲೆಗೂದಲಿನಷ್ಟು ತೆಳುವಾದ ತಾಮ್ರದ ತಂತಿ. ಅಷ್ಟೇ. ಮೈಕ್ ಅಲ್ಲ, ಗಾಳಿಯ ಶಬ್ದ ಅದಕ್ಕೆ ಕೇಳಿಸುವುದಿಲ್ಲ. ಮೇಲಿನ ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯೊಳಗಿನ ಕಾಂತಕ್ಷೇತ್ರ ಅಲುಗಾಡುತ್ತದೆ, ಸುರುಳಿಯಲ್ಲಿ ಸ್ವಲ್ಪ ವಿದ್ಯುತ್ ಹುಟ್ಟುತ್ತದೆ. ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟದ್ದೇ ಇದು. ಸರಿಯಾಗಿ ನೂರು ವರ್ಷದ ಬಳಿಕ, 1931ರ ಸುಮಾರಿಗೆ, ಅಮೆರಿಕದಲ್ಲಿ ಜಾರ್ಜ್ ಬೋಷಾಂಪ್ ಎಂಬ ಗಿಟಾರ್ ವಾದಕ ಇದೇ ತತ್ವವನ್ನು ಗಿಟಾರಿಗೆ ಹಾಕಿದ. ಆ ಮೊದಲ ಗಿಟಾರ್ ನೋಡಲು ಬಾಣಲೆಯ ಹಾಗಿದ್ದುದರಿಂದ ಜನ ಅದನ್ನು ‘ಫ್ರೈಯಿಂಗ್ ಪ್ಯಾನ್’ ಅಂತಲೇ ಕರೆದರು.

ತೊಂದರೆ ಏನೆಂದರೆ, ಈ ಸುರುಳಿಗೆ ಭೇದಭಾವ ಗೊತ್ತಿಲ್ಲ. ತಂತಿಯ ಕಂಪನವನ್ನು ಹಿಡಿಯುವಂತೆಯೇ ಪಕ್ಕದ ಟ್ರಾನ್ಸ್‌ಫಾರ್ಮರಿನ, ವೈರಿಂಗಿನ 50 ಹರ್ಟ್ಸ್ ಗುನುಗನ್ನೂ ಹಿಡಿಯುತ್ತದೆ. ಅದಕ್ಕೆ 1955ರಲ್ಲಿ ಗಿಬ್ಸನ್ ಕಂಪನಿಯ ಸೇತ್ ಲವರ್ ಒಂದು ಉಪಾಯ ಕಂಡುಹಿಡಿದರು. ಒಂದರ ಬದಲು ಎರಡು ಸುರುಳಿ. ಒಂದರ ಅಯಸ್ಕಾಂತ ಉತ್ತರ ಮೇಲಾದರೆ ಇನ್ನೊಂದರದ್ದು ದಕ್ಷಿಣ ಮೇಲು. ವಿದ್ಯುತ್ ಹರಿಯುವ ದಿಕ್ಕೂ ತಿರುವುಮುರುವು. ಹೊರಗಿನ ಗುನುಗು ಎರಡರಲ್ಲೂ ಎದುರುಬದುರಾಗಿ ಹುಟ್ಟಿ ಒಂದನ್ನೊಂದು ಅಳಿಸಿಹಾಕುತ್ತದೆ. ತಂತಿಯ ನಾದ ಮಾತ್ರ ಎರಡು ಸಲ ತಿರುಗಿ, ಅಂದರೆ ನೇರವೇ ಆಗಿ, ಕೂಡಿಕೊಳ್ಳುತ್ತದೆ. ಇದರ ಹೆಸರು ಹಂಬಕರ್. ಮೊದಲ ಸಲ ಇದನ್ನು ಓದಿದಾಗ ನಾನು ಒಬ್ಬಳೇ ಕೂತು ನಕ್ಕಿದ್ದೇನೆ. ಇಷ್ಟು ಸರಳವಾದ ಜಾಣತನ ನೋಡಿ ಬಹಳ ದಿನವಾಗಿತ್ತು.

ನನ್ನದು ಸ್ಟ್ರಾಟೋಕ್ಯಾಸ್ಟರ್ ಮಾದರಿಯ ಅಗ್ಗದ ನಕಲು. ಮೂರು ಸಿಂಗಲ್ ಕಾಯಿಲ್ ಪಿಕಪ್. ಅದೇ ಅಳತೆಯಲ್ಲಿ ಕೂರುವ ಚಿಕ್ಕ ಹಂಬಕರ್ ಒಂದನ್ನು ಸಾವಿರದ ಒಂಬೈನೂರಕ್ಕೆ ತರಿಸಿದೆ. ಕೂರಿಸಿಕೊಡಲು ಬೆಂಗಳೂರಿನ ಒಂದು ಅಂಗಡಿಗೆ ಫೋನ್ ಮಾಡಿದರೆ ಹದಿನೈದು ನೂರು ಕೇಳಿದರು. ‘ನಾನೇ ಹಾಕ್ಕೊಂಡ್ರೆ ಹೇಗೆ’ ಅಂದೆ. ಆ ಕಡೆಯವರು, ‘ನಿಮ್ಮಣ್ಣ ಯಾರಾದ್ರೂ ಇದ್ರೆ ಫೋನ್ ಕೊಡಮ್ಮ, ಹೇಳ್ತೀನಿ’ ಅಂದರು. ನನಗೆ ಅಣ್ಣ ಇಲ್ಲ. ಎಲೆಕ್ಟ್ರಾನಿಕ್ಸ್ ಡಿಗ್ರಿ ಇದೆ. ಅದನ್ನು ಹೇಳಬೇಕೆನಿಸಿತು, ಹೇಳಲಿಲ್ಲ. ಏಕೆಂದರೆ ಫೋನ್ ಇಟ್ಟ ಮೇಲೆ ನನಗೇ ಹೊಳೆದ ಸತ್ಯ ಇನ್ನೂ ಅವಮಾನದ್ದು: ನಾಲ್ಕು ವರ್ಷದಲ್ಲಿ ನಾನು ಒಮ್ಮೆಯೂ ಸೋಲ್ಡರಿಂಗ್ ಐರನ್ ಹಿಡಿದವಳಲ್ಲ.

ಇದು ನನ್ನೊಬ್ಬಳ ಕಥೆಯಲ್ಲ ಅಂತ ನಿಮಗೂ ಗೊತ್ತು. ನಮ್ಮ ಲ್ಯಾಬ್ ಹೇಗೆ ನಡೆಯುತ್ತಿತ್ತು ನೆನಪಿಸಿಕೊಳ್ಳಿ. ನಾಲ್ಕು ಜನಕ್ಕೆ ಒಂದು ಬ್ರೆಡ್‌ಬೋರ್ಡ್; ಅದರಲ್ಲಿ ಒಬ್ಬ ಜೋಡಿಸುತ್ತಾನೆ, ಒಬ್ಬಳು ರೀಡಿಂಗ್ ಬರೆಯುತ್ತಾಳೆ, ಇಬ್ಬರು ಫ್ಯಾನಿನ ಕೆಳಗೆ ನಿಲ್ಲುತ್ತಾರೆ. ಉತ್ತರ ಏನು ಬರಬೇಕೆಂದು ಸೀನಿಯರ್‌ಗಳ ರೆಕಾರ್ಡ್‌ನಲ್ಲಿ ಮೊದಲೇ ಇದೆ. ಬರದಿದ್ದರೆ ಗ್ರಾಫ್‌ನಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ತುಂಬುತ್ತೇವೆ. ಯಾಕೆ ಬರಲಿಲ್ಲ ಎಂದು ಹುಡುಕಲು ಅಲ್ಲಿ ಯಾರಿಗೂ ಸಮಯವಿಲ್ಲ, ಮೂರು ಗಂಟೆಗೆ ಮುಂದಿನ ಬ್ಯಾಚ್ ಬಾಗಿಲಲ್ಲಿ ನಿಂತಿರುತ್ತದೆ. ಇಂಡಕ್ಷನ್ ಮೇಲೆ ಹತ್ತು ಅಂಕದ ಪ್ರಶ್ನೆಗೆ ನಾನು ಹತ್ತೂ ತೆಗೆದವಳು. ಆದರೆ ನನ್ನ ಮಡಿಲಲ್ಲೇ ಐದು ವರ್ಷದಿಂದ ಇಂಡಕ್ಷನ್ ನಡೆಯುತ್ತಿದೆ ಎಂಬುದು ಗಿಟಾರ್ ಬಿಚ್ಚುವವರೆಗೆ ತಲೆಗೆ ಹೊಳೆದಿರಲಿಲ್ಲ.

ಬಿಚ್ಚಿದ್ದು ಒಂದು ಭಾನುವಾರ. ತಂತಿ ಸಡಿಲಿಸಿ ತೆಗೆದು, ಪಿಕ್‌ಗಾರ್ಡ್‌ನ ಹನ್ನೊಂದು ಸ್ಕ್ರೂಗಳನ್ನು ಅಮ್ಮನ ಒಗ್ಗರಣೆ ಡಬ್ಬಿಯ ಒಂದು ಬಟ್ಟಲಲ್ಲಿ ಹಾಕಿಟ್ಟೆ. ತಿರುಗಿಸಿ ನೋಡಿದರೆ ಇಡೀ ಗಿಟಾರಿನ ‘ಎಲೆಕ್ಟ್ರಾನಿಕ್ಸ್’ ಅಂಗೈ ಅಗಲ. ಮೂರು ಪಿಕಪ್, ಒಂದು ಐದು ಸ್ಥಾನದ ಸ್ವಿಚ್, 250 ಕಿಲೋ ಓಮ್‌ನ ಮೂರು ಪಾಟ್, ಒಂದು ಕೆಪಾಸಿಟರ್, ಒಂದು ಜ್ಯಾಕ್. ಬ್ಯಾಟರಿ ಇಲ್ಲ, ಐಸಿ ಇಲ್ಲ. ಇದರೊಳಗೆ ಶಾಕ್ ಹೊಡೆಯುವಂಥದ್ದು ಏನೂ ಇಲ್ಲ, ಹಾಗಾಗಿ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಸರ್ಕ್ಯೂಟ್ ನಾನು ಕಂಡಿಲ್ಲ. ಆದರೆ ಈ ಮಾತು ಗಿಟಾರಿಗೆ ಮಾತ್ರ, ಆಂಪ್ಲಿಫೈಯರಿಗೆ ಅಲ್ಲ. ಅದರ ಕೆಪಾಸಿಟರ್‌ಗಳು ಪ್ಲಗ್ ಕಿತ್ತ ಮೇಲೂ ಚಾರ್ಜ್ ಹಿಡಿದುಕೊಂಡಿರುತ್ತವೆ. ಅದನ್ನು ಬಿಚ್ಚಬೇಡಿ.

ಸೋಲ್ಡರ್ ಮಾಡುವುದನ್ನು ಕಲಿಸಿದ್ದು ನಮ್ಮ ಬಸ್‌ಸ್ಟ್ಯಾಂಡ್ ಹತ್ತಿರದ ಟಿವಿ ರಿಪೇರಿ ಅಜ್ಜ. ಈಗ ಅವರ ಬಳಿ ಟಿವಿ ಬರುವುದು ಕಡಿಮೆ, ಮಿಕ್ಸಿ ಜಾಸ್ತಿ. ನಾನು ಸೋಲ್ಡರನ್ನು ಐರನ್‌ಗೆ ತಾಗಿಸಿ ಕರಗಿಸಿ, ಹನಿಯನ್ನು ಜಾಯಿಂಟ್ ಮೇಲೆ ಉದುರಿಸುತ್ತಿದ್ದೆ. ಅವರು ಕೈ ಹಿಡಿದು ನಿಲ್ಲಿಸಿದರು. ‘ದೋಸೆ ಹಂಚು ಕಾಯದೆ ಹಿಟ್ಟು ಹುಯ್ತಾರೇನಮ್ಮ? ಜಾಯಿಂಟ್ ಕಾಯ್ಬೇಕು. ಕಾದ ಮೇಲೆ ಸೀಸ ತಾನೇ ಹರಿಯುತ್ತೆ.’ ಎರಡು ದಿನ ಅವರ ಗುಜರಿ ಬೋರ್ಡುಗಳ ಮೇಲೆ ಅಭ್ಯಾಸ ಮಾಡಿದೆ. ಸರಿಯಾದ ಜಾಯಿಂಟ್ ನಯವಾಗಿ ಹೊಳೆಯುತ್ತದೆ, ಕೆಟ್ಟದ್ದು ಬೂದಿ ಬಣ್ಣಕ್ಕೆ ತಿರುಗಿ ಉಂಡೆಯಾಗಿ ಕೂರುತ್ತದೆ. ಮುಗಿದ ಮೇಲೆ ಕೈ ತೊಳೆದುಕೊಂಡೇ ತಿಂಡಿಗೆ ಕೈ ಹಾಕಬೇಕು, ಸೋಲ್ಡರಿನಲ್ಲಿ ಸೀಸ ಇರುತ್ತದೆ. ಅಜ್ಜ ಇದನ್ನು ಹೇಳಿದ ಅರ್ಧ ನಿಮಿಷಕ್ಕೆ ಕೈ ತೊಳೆಯದೆ ಎಲೆ ಅಡಿಕೆ ಹಾಕಿಕೊಂಡರು, ಅದು ಬೇರೆ ವಿಷಯ.

ಹೊಸ ಪಿಕಪ್‌ನಿಂದ ನಾಲ್ಕು ಬಣ್ಣದ ತಂತಿ, ಜೊತೆಗೊಂದು ಬರಿಮೈ ತಂತಿ ಹೊರಬಂದಿದ್ದವು. ಕಪ್ಪು, ಬಿಳಿ, ಕೆಂಪು, ಹಸಿರು. ಪ್ಯಾಕೆಟ್‌ನಲ್ಲಿ ಚಿತ್ರ ಇರಲಿಲ್ಲ. ಮೊಬೈಲಿನಲ್ಲಿ ಒಂದು ಚಿತ್ರ ಸಿಕ್ಕಿತು. ಕೆಂಪು ಹಾಟ್, ಹಸಿರು ಗ್ರೌಂಡ್, ಕಪ್ಪು-ಬಿಳಿ ಸೇರಿಸಿ ಟೇಪ್ ಸುತ್ತು. ಹಾಗೇ ಮಾಡಿದೆ. ಜ್ಯಾಕ್ ಚುಚ್ಚಿ ಆನ್ ಮಾಡಿದರೆ ಸದ್ದೇನೋ ಬಂತು. ಆದರೆ ತೆಳ್ಳಗೆ, ತಗಡು ಬಡಿದ ಹಾಗೆ. ಮೇಲಿಂದ ಅದೇ ಗುಂಯ್.

ಇಲ್ಲಿ ನಾನು ಅತ್ತದ್ದನ್ನು ಬರೆಯದಿದ್ದರೆ ಸುಳ್ಳಾಗುತ್ತದೆ. ಸಾವಿರದ ಒಂಬೈನೂರು ರೂಪಾಯಿ ಅಂದರೆ ಎರಡು ಕಾರ್ಯಕ್ರಮಕ್ಕಿಂತ ಹೆಚ್ಚು. ಮುಂದಿನ ಶೋಗೆ ಮೂರು ದಿನ ಇತ್ತು. ಅಪ್ಪ ಬಾಗಿಲಲ್ಲಿ ನಿಂತು ನೋಡಿ, ಏನೂ ಹೇಳದೆ ಹೋದರು. ಬೈದಿದ್ದರೆ ವಾಸಿಯಿತ್ತು.

ರಾತ್ರಿ ಅಜ್ಜನಿಂದ ಎರವಲು ತಂದಿದ್ದ ಹಳದಿ ಮಲ್ಟಿಮೀಟರ್ ತೆಗೆದು ಜ್ಯಾಕಿಗೇ ಹಿಡಿದೆ. ಪ್ಯಾಕೆಟ್ ಮೇಲೆ 9 ಕಿಲೋ ಓಮ್ ಅಂತ ಅಚ್ಚಾಗಿತ್ತು. ಮೀಟರ್ ತೋರಿಸಿದ್ದು 4.4. ಅರ್ಧ! ಅರ್ಧ ಅಂದರೆ ಎರಡು ಸುರುಳಿಗಳಲ್ಲಿ ಒಂದೇ ಕೆಲಸ ಮಾಡುತ್ತಿದೆ. ತಂತಿಗಳನ್ನೆಲ್ಲ ಬಿಡಿಸಿ ಜೋಡಿ ಜೋಡಿಯಾಗಿ ಅಳೆದೆ. ಕಪ್ಪು-ಬಿಳಿ ಒಂದು ಸುರುಳಿ, ಕೆಂಪು-ಹಸಿರು ಇನ್ನೊಂದು. ಅಂದರೆ ನಾನು ಕಪ್ಪು-ಬಿಳಿ ಸೇರಿಸಿ ಟೇಪ್ ಸುತ್ತಿದಾಗ ಒಂದು ಇಡೀ ಸುರುಳಿಯ ಎರಡೂ ತುದಿ ಗಂಟು ಹಾಕಿ ಅದರ ಬಾಯಿ ಮುಚ್ಚಿಸಿದ್ದೆ. ಹಂಬಕರ್ ಅಂತ ದುಡ್ಡು ಕೊಟ್ಟು ತಂದದ್ದನ್ನು ನಾನೇ ಸಿಂಗಲ್ ಕಾಯಿಲ್ ಮಾಡಿದ್ದೆ.

ಆಮೇಲೆ ತಿಳಿದದ್ದು, ಬಣ್ಣಗಳಿಗೆ ಎಲ್ಲ ಕಂಪನಿಗಳಿಗೂ ಒಪ್ಪುವ ನಿಯಮವೇ ಇಲ್ಲ ಎಂದು. ನಾನು ನೋಡಿದ ಚಿತ್ರ ಡಿಮಾರ್ಜಿಯೊ ಪಿಕಪ್‌ಗಳದ್ದು. ಸೇಮೂರ್ ಡಂಕನ್‌ನವರ ಪದ್ಧತಿಯಲ್ಲಿ ಕಪ್ಪು ಹಾಟ್, ಹಸಿರು ಗ್ರೌಂಡ್, ಸೇರಿಸಬೇಕಾದದ್ದು ಕೆಂಪು-ಬಿಳಿ. ನನ್ನ ಹೆಸರಿಲ್ಲದ ಪಿಕಪ್ ಈ ಎರಡನೆಯ ಪದ್ಧತಿಯದ್ದು. ವಿಡಿಯೋ ನೋಡಿ ಕಲಿಯುವ ನಮ್ಮ ಪೀಳಿಗೆಗೆ ಇಲ್ಲೊಂದು ಗುಂಡಿ ಇದೆ. ವಿಡಿಯೋದವನ ಕೈಯಲ್ಲಿರುವ ವಸ್ತು ನಿಮ್ಮ ಕೈಯಲ್ಲಿರುವುದಿಲ್ಲ. ಅವನ ತಂತಿ ಅವನಿಗೆ ಸರಿ. ನಿಮ್ಮ ತಂತಿ ಏನೆಂದು ಹೇಳುವುದು ನಿಮ್ಮ ಮೀಟರ್ ಒಂದೇ.

ಸರಿ ಜೋಡಿಸಿದ ಮೇಲೆ 8.8 ಬಂತು. ಸದ್ದು ದಪ್ಪಗಾಯಿತು. (ಪಕ್ಕದ ಪಿಕಪ್ ಜೊತೆ ಸೇರಿಸಿದರೆ ಮೂಗಿನಿಂದ ಹಾಡಿದ ಹಾಗೆ ಕೇಳುತ್ತಿತ್ತು. ಎರಡರ ಫೇಸ್ ಉಲ್ಟಾ ಆಗಿತ್ತು. ಕಪ್ಪನ್ನೂ ಹಸಿರನ್ನೂ ಅದಲುಬದಲು ಮಾಡಿದೆ, ಬರಿಮೈ ತಂತಿ ಮಾತ್ರ ಗ್ರೌಂಡಿನಲ್ಲೇ ಉಳಿಯಿತು, ಸರಿಹೋಯಿತು.) ಆದರೂ ಒಂದು ಜರಜರ ಸದ್ದು ಹಾಗೇ ಇತ್ತು, ಐದೂ ಸ್ಥಾನಗಳಲ್ಲಿ.

ಅಜ್ಜನ ಅಂಗಡಿಗೇ ಗಿಟಾರ್, ಪುಟಾಣಿ ಆಂಪ್ ಎರಡನ್ನೂ ಹೊತ್ತುಕೊಂಡು ಹೋದೆ. ಅವರು ಜನ್ಮದಲ್ಲಿ ಗಿಟಾರ್ ಮುಟ್ಟಿದವರಲ್ಲ. ತಂತಿಗಳ ಮೇಲೆ ಅಂಗೈ ಇಟ್ಟರು, ಸದ್ದು ಬದಲಾಗಲಿಲ್ಲ. ಕೇಬಲಿನ ಪ್ಲಗ್‌ನ ಲೋಹ ಮುಟ್ಟಿದರು, ಸದ್ದು ಥಟ್ಟನೆ ಇಳಿಯಿತು. ‘ತಂತಿಗೆ ಅರ್ಥ್ ಬಂದಿಲ್ಲ ನೋಡು’ ಅಂದರು. ಗಿಟಾರಿನ ಬೆನ್ನಿನ ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ಸ್ಪ್ರಿಂಗುಗಳು ಸಿಕ್ಕಿಕೊಂಡಿರುವ ಒಂದು ಲೋಹದ ಪಟ್ಟಿ ಇದೆ. ತಂತಿಗಳಿಗೆ ಗ್ರೌಂಡ್ ಕೊಡುವ ವೈರ್ ಅಲ್ಲಿಗೆ ಬೆಸೆದಿರಬೇಕು. ಬೆಸುಗೆ ಕಳಚಿ ವೈರ್ ಗಾಳಿಯಲ್ಲಿ ನೇತಾಡುತ್ತಿತ್ತು. ಬೂದಿ ಬಣ್ಣದ ಸೋಲ್ಡರ್ ಉಂಡೆ ಪಟ್ಟಿಯ ಮೇಲೆ ಹಾಗೇ ಇತ್ತು. ಪಟ್ಟಿ ದಪ್ಪ, ಶಾಖವನ್ನೆಲ್ಲ ನುಂಗಿಬಿಡುತ್ತದೆ, ಕಾರ್ಖಾನೆಯಲ್ಲಿ ಯಾರೋ ಅವಸರದಲ್ಲಿ ಹಂಚು ಕಾಯುವ ಮೊದಲೇ ಹಿಟ್ಟು ಹುಯ್ದಿದ್ದರು. ನನ್ನ 25 ವ್ಯಾಟಿನ ಐರನ್‌ಗೂ ಅದು ಬಗ್ಗಲಿಲ್ಲ, ಅಜ್ಜನ ದೊಡ್ಡ ಐರನ್ ಬೇಕಾಯಿತು. ಒಂದು ರೂಪಾಯಿಯ ಸೋಲ್ಡರ್. ಸದ್ದು ನಿಂತಿತು.

ಪೂರ್ತಿ ಸತ್ಯ ಹೇಳಬೇಕೆಂದರೆ, ಆಮೇಲೆ ಕುತೂಹಲಕ್ಕೆ ಹಳೆಯ ಪಿಕಪ್ಪನ್ನೇ ವಾಪಸ್ ಹಾಕಿ ನೋಡಿದೆ. ಸಣ್ಣ ಗುನುಗು ಬಿಟ್ಟರೆ ಅದೂ ಚೆನ್ನಾಗಿಯೇ ಇತ್ತು. ಅಣ್ಣ ದೂರುತ್ತಿದ್ದ ಆ ಜೇನುಗೂಡಿನ ಮುಕ್ಕಾಲು ಪಾಲು ಪಿಕಪ್‌ನದ್ದಲ್ಲವೇ ಅಲ್ಲ, ಕಳಚಿದ ವೈರಿನದ್ದು.

ನನ್ನ ವಾದ ಇರುವುದು ಇಲ್ಲೇ. ಸದ್ದು ಕೆಟ್ಟಿದೆ ಅಂದಾಗ ನನಗೆ ಸಲಹೆ ಕೊಟ್ಟ ಎಂಟು ಹತ್ತು ಜನರಲ್ಲಿ ಒಬ್ಬರೂ ‘ತಂತಿ ಮುಟ್ಟಿದಾಗ ಏನಾಗುತ್ತೆ’ ಅಂತ ಕೇಳಲಿಲ್ಲ. ಎಲ್ಲರೂ ಏನು ಕೊಳ್ಳಬೇಕೆಂದು ಹೇಳಿದರು. ನಾನೂ ಕೇಳಿಕೊಳ್ಳಲಿಲ್ಲ. ಕೆಲಸ ಸಿಗದ ಹತ್ತು ತಿಂಗಳಲ್ಲಿ ನಾನು ಮಾಡಿದ್ದೂ ಅದನ್ನೇ. ಒಂದು ಇಂಟರ್‌ವ್ಯೂ ಹೋದರೆ ಒಂದು ಕೋರ್ಸ್, ಇನ್ನೊಂದು ಹೋದರೆ ಇನ್ನೊಂದು ಸರ್ಟಿಫಿಕೇಟ್. ಎಲ್ಲಿ ಕಳಚಿದೆ ಎಂದು ನೋಡುವ ತಾಳ್ಮೆ ಇಲ್ಲದೆ ಹೊಸ ಬಿಡಿಭಾಗ ಹಾಕುತ್ತಲೇ ಹೋಗುವುದು. ಗಿಟಾರಿಗೂ ಬದುಕಿಗೂ ಗಂಟು ಹಾಕುವುದು ನನಗೇ ಸ್ವಲ್ಪ ಅತಿಯೆನಿಸುತ್ತದೆ, ಉದ್ಯೋಗ ಸಿಗದಿರುವುದಕ್ಕೆ ನಮ್ಮ ಕೈಯಲ್ಲಿಲ್ಲದ ಕಾರಣಗಳೂ ಇವೆ. ಆದರೆ ಖರ್ಚಿನ ಲೆಕ್ಕ ಬರೆದು ನೋಡಿದಾಗ ಕೋರ್ಸುಗಳಿಗೆ ಹೋದ ದುಡ್ಡು ಪಿಕಪ್‌ಗಿಂತ ಬಹಳ ಜಾಸ್ತಿ ಇತ್ತು.

ಕಾಲೇಜುಗಳಿಗೆ ನನ್ನ ಬೇಡಿಕೆ ಚಿಕ್ಕದು. ವಾರಕ್ಕೆ ಎರಡು ಸಂಜೆ ಲ್ಯಾಬ್ ತೆರೆದಿಡಿ. ಕೆಟ್ಟ ಇಯರ್‌ಫೋನ್, ಮಿಕ್ಸಿ ಸ್ವಿಚ್, ಗಿಟಾರ್ ಏನಾದರೂ ತರಲಿ. ಅಂಕ ಬೇಡ, ರೆಕಾರ್ಡ್ ಬೇಡ. ಇದನ್ನು ನನಗೆ ಪರಿಚಯದ ಒಬ್ಬ ಲ್ಯಾಬ್ ಇನ್‌ಸ್ಟ್ರಕ್ಟರ್ ಬಳಿ ಹೇಳಿದಾಗ ಅವರು, ‘ಯಾರಾದರೂ ಕೈ ಸುಟ್ಟುಕೊಂಡರೆ, ಮೀಟರ್ ಸುಟ್ಟರೆ ನನ್ನ ಸಂಬಳದಲ್ಲಿ ಹಿಡೀತಾರೆ’ ಅಂದರು. ಅವರ ಮಾತೂ ಸುಳ್ಳಲ್ಲ. ಹಾಗಾದರೆ ಆ ಹೊಣೆಯನ್ನು ಸಂಸ್ಥೆ ಹೊರಬೇಕು, ಅವರೊಬ್ಬರಲ್ಲ. ಇನ್ನೂರು ರೂಪಾಯಿಯ ಮೀಟರ್ ಸುಟ್ಟರೆ ಸುಡಲಿ.

ಎಡ್ಡಿ ವ್ಯಾನ್ ಹೇಲನ್ ತಮ್ಮ ಪ್ರಸಿದ್ಧ ಗಿಟಾರನ್ನು ಐವತ್ತು ಡಾಲರಿನ ಬಾಡಿ, ಎಂಬತ್ತು ಡಾಲರಿನ ನೆಕ್, ಬೇರೊಂದು ಗಿಬ್ಸನ್ ಗಿಟಾರಿನ ಹಂಬಕರ್ ಸೇರಿಸಿ ಮಾಡಿಕೊಂಡಿದ್ದರು. ಉಳಿದ ವೈರಿಂಗ್ ಹೇಗೆ ಜೋಡಿಸುವುದೆಂದು ಗೊತ್ತಾಗದೆ ಒಂದೇ ಒಂದು ವಾಲ್ಯೂಂ ಪಾಟ್ ಹಾಕಿಬಿಟ್ಟರು. 1978ರ ಮೊದಲ ಆಲ್ಬಂನಲ್ಲಿ ಕೇಳುವುದು ಆ ಅರೆಬರೆ ವೈರಿಂಗಿನ ಗಿಟಾರೇ. ಅವರಿಗೆ ಅಂಕ ಕೊಡುವವರು ಯಾರೂ ಇರಲಿಲ್ಲ ಎನ್ನುವುದು ಒಳ್ಳೆಯದೇ ಆಯಿತು.

ಪೆಂಡಾಲುಗಳಲ್ಲಿ ನುಡಿಸುವ ಗೆಳೆಯರಿಗೆ ಇನ್ನೊಂದು ಮಾತು, ಇದು ಹುಡುಗಾಟದ್ದಲ್ಲ. ತಂತಿಗೆ ಗ್ರೌಂಡ್ ಸರಿಮಾಡಿದ ಮೇಲೆ ನಿಮ್ಮ ಕೈ ಆಂಪ್ಲಿಫೈಯರಿನ ಅರ್ಥ್‌ಗೆ ನೇರ ಜೋಡಣೆಯಾಗಿರುತ್ತದೆ. ಮೂರು ಪಿನ್ನಿನ ಪ್ಲಗ್‌ನ ಮೇಲಿನ ಪಿನ್ ಮುರಿದು ಎರಡರಲ್ಲೇ ಚುಚ್ಚುವುದು ನಮ್ಮಲ್ಲಿ ಮಾಮೂಲು. ಗಿಟಾರ್ ಒಂದು ಕೈಯಲ್ಲಿ, ತುಟಿ ಮೈಕ್‌ಗೆ, ಎರಡರಲ್ಲಿ ಒಂದರ ಅರ್ಥಿಂಗ್ ಕೆಟ್ಟಿದ್ದರೆ ಕರೆಂಟಿಗೆ ನೀವೇ ದಾರಿ. 1972ರಲ್ಲಿ ಬ್ರಿಟನ್ನಿನ ಗಿಟಾರ್ ವಾದಕ ಲೆಸ್ಲಿ ಹಾರ್ವೆ ಸ್ವಾನ್ಸೀಯ ವೇದಿಕೆಯ ಮೇಲೆಯೇ ಅರ್ಥಿಂಗ್ ಇಲ್ಲದ ಮೈಕ್ ಮುಟ್ಟಿ ಸತ್ತರು. ಈಗ ನಾನು ಸೌಂಡ್ ಚೆಕ್‌ಗಿಂತ ಮೊದಲು ಎಕ್ಸ್‌ಟೆನ್ಷನ್ ಬೋರ್ಡ್ ನೋಡುತ್ತೇನೆ. ಶಾಮಿಯಾನದವರು ನಗುತ್ತಾರೆ, ನಗಲಿ.

ಹಬ್ಬದ ಮೊದಲ ಶೋನಲ್ಲಿ ಕೀಬೋರ್ಡ್ ಅಣ್ಣ ಎರಡು ಹಾಡು ಮುಗಿದ ಮೇಲೆ ನನ್ನ ಕಡೆ ತಿರುಗಿ, ‘ಪ್ಲಗ್ ಹಾಕಿದ್ದೀಯಾ ಇಲ್ವಾ?’ ಅಂದರು. ಅದಕ್ಕಿಂತ ದೊಡ್ಡ ಪ್ರಶಂಸೆ ಅವರಿಂದ ಬರುವುದಿಲ್ಲ. ಹೊಸ ಪಿಕಪ್ಪನ್ನೇ ಉಳಿಸಿಕೊಂಡಿದ್ದೇನೆ. 250 ಕಿಲೋ ಓಮ್ ಪಾಟ್‌ಗೆ ಅದರ ಧ್ವನಿ ಸ್ವಲ್ಪ ಮಂಕು, 500ರದ್ದು ಹಾಕಬೇಕು, ದುಡ್ಡು ಬಂದಾಗ.

ಕಳೆದ ತಿಂಗಳು ಒಂದು ಇಂಟರ್‌ವ್ಯೂನಲ್ಲಿ ಹವ್ಯಾಸ ಕೇಳಿದರು. ಈ ಕಥೆ ಹೇಳಿದೆ. ಪ್ಯಾನಲ್‌ನಲ್ಲಿದ್ದ ಹಿರಿಯರೊಬ್ಬರು ಬೇರೆಲ್ಲ ಬಿಟ್ಟು ಹತ್ತು ನಿಮಿಷ 4.4 ಕಿಲೋ ಓಮ್ ಬಗ್ಗೆಯೇ ಕೇಳಿದರು. ಆ ಕೆಲಸ ಸಿಗಲಿಲ್ಲ. ಆದರೆ ಇಂಟರ್‌ವ್ಯೂ ಒಂದರಲ್ಲಿ ನನಗೆ ನಿಜವಾಗಿ ಗೊತ್ತಿದ್ದ ವಿಷಯ ಮಾತಾಡಿದ್ದು ಅದೇ ಮೊದಲು.

ಹಳೆಯ ಪಿಕಪ್ ನನ್ನ ಜಾಮಿಟ್ರಿ ಬಾಕ್ಸಿನಲ್ಲಿದೆ. ಪಕ್ಕದ ಮನೆಯ ಹತ್ತನೇ ಕ್ಲಾಸ್ ಹುಡುಗ ಅದರ ಮೇಲೆ ಕಣ್ಣು ಹಾಕಿದ್ದಾನೆ, ತನ್ನ ಗಿಟಾರಿಗೆ ಅಂಟಿಸಿಕೊಳ್ಳಬೇಕಂತೆ. ಅವನದು ನೈಲಾನ್ ತಂತಿಯ ಗಿಟಾರ್. ಅಯಸ್ಕಾಂತಕ್ಕೆ ನೈಲಾನ್ ಕಾಣಿಸುವುದಿಲ್ಲ ಕಣೋ ಅಂದೆ. ನಂಬಲಿಲ್ಲ. ಭಾನುವಾರ ತಗೊಂಡು ಬಾ, ಮೀಟರ್ ಇದೆ, ಇಟ್ಟೇ ನೋಡೋಣ ಅಂದಿದ್ದೇನೆ.